ಹಣತೆಯ ಫೋಟೊ ಸಾಕು, ಪಾಕದ ಗುರುತು ಬರೆಯಿರಿ

ಮಾನ್ಯ ಸಂಪಾದಕರೇ,

ದೀಪಾವಳಿಗೆ ಮುಂಚಿನ ಭಾನುವಾರ ನಿಮ್ಮ ಪತ್ರಿಕೆಯ ಜೊತೆ ಬಂದ ಹಬ್ಬದ ಪುರವಣಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದೇನೆ. ಜಾಹೀರಾತುಗಳನ್ನು ಕಳೆದರೆ ಉಳಿದದ್ದು ಅಡುಗೆ. ಚಿತ್ರಗಳು ಚೆನ್ನಾಗಿದ್ದವು. ಬಾಳೆಯೆಲೆಯ ಮೇಲೆ ಕಜ್ಜಾಯ ಜೋಡಿಸಿ, ಪಕ್ಕದಲ್ಲಿ ಒಂದು ಹಣತೆ ಹಚ್ಚಿಟ್ಟು ತೆಗೆದ ಫೋಟೊ ನೋಡುವುದಕ್ಕೆಂದೇ ನನ್ನ ಹೆಂಡತಿ ಕನ್ನಡಕ ತರಿಸಿಕೊಂಡಳು. ಆದರೆ ಅದರ ಕೆಳಗಿದ್ದ ವಿಧಾನ ಹೀಗಿತ್ತು: ಬೆಲ್ಲಕ್ಕೆ ನೀರು ಹಾಕಿ ಕುದಿಸಿ, ಪಾಕ ಬಂದ ಮೇಲೆ ಅಕ್ಕಿ ಹಿಟ್ಟು ಬೆರೆಸಿ ಹದವಾಗಿ ಕಲಸಿ, ಬೇಕಾದ ಆಕಾರಕ್ಕೆ ತಟ್ಟಿ ಕರಿಯಿರಿ, ರುಚಿರುಚಿಯಾದ ಕಜ್ಜಾಯ ಸವಿಯಲು ಸಿದ್ಧ.

ಇಷ್ಟನ್ನು ಓದಿ ಕಜ್ಜಾಯ ಮಾಡಬಲ್ಲವರು ಯಾರು? ಇದನ್ನು ಓದದೆಯೂ ಮಾಡಬಲ್ಲವರು ಮಾತ್ರ. ಉಳಿದವರ ಬಾಣಲೆಯಲ್ಲಿ ಏನಾಯಿತೆಂಬುದಕ್ಕೆ ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಹುಬ್ಬಳ್ಳಿಯ ದಂಪತಿಯೇ ಸಾಕ್ಷಿ. ನರಕ ಚತುರ್ದಶಿಯ ಬೆಳಿಗ್ಗೆ ಇಬ್ಬರೂ ಪುರವಣಿಯನ್ನು ಎದುರಿಗಿಟ್ಟುಕೊಂಡು ಶುರು ಮಾಡಿದರು. ಎಣ್ಣೆಗೆ ಬಿಟ್ಟ ಮೊದಲ ಕಜ್ಜಾಯ ಅಲ್ಲೇ ಬಿಚ್ಚಿಕೊಂಡು ಬಾಣಲೆಯ ತುಂಬ ಪುಡಿಯಾಗಿ ಹರಡಿತು. ಆ ಹುಡುಗ ಪುಡಿಯನ್ನು ಬಟ್ಟಲಲ್ಲಿ ತುಂಬಿಕೊಂಡು ಕೆಳಗಿಳಿದು ಬಂದು, ‘ಅಂಕಲ್, ಇದಕ್ಕೆ ಏನೆಂದು ಹೆಸರಿಡೋಣ?’ ಎಂದು ಕೇಳಿದ. ಹೆಸರಿಡುವುದನ್ನು ಪುರವಣಿಯವರಿಗೇ ಬಿಡೋಣ ಎಂದೆ.

ನಾನು ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು. ‘ಹದವಾಗಿ ಕೊರೆಯಿರಿ, ಬೇಕಾದ ಆಕಾರಕ್ಕೆ ತನ್ನಿ’ ಎಂದು ಬರೆದ, ಅಳತೆಯೇ ಇಲ್ಲದ ನಕ್ಷೆ ಅಲ್ಲಿ ನನ್ನ ಮೇಜಿಗೆ ಬಂದಿದ್ದರೆ ಅದನ್ನು ಬರೆದವರಿಗೇ ವಾಪಸು ಕಳಿಸುತ್ತಿದ್ದೆ. ಈ ಪತ್ರವನ್ನು ಹಾಗೆ ವಾಪಸು ಬಂದ ನಕ್ಷೆ ಎಂದೇ ತಿಳಿಯಿರಿ. ನಿವೃತ್ತಿಯಾದ ಮೇಲೆ ಹಬ್ಬದ ತಿಂಡಿಯ ಕೆಲಸ ಮನೆಯಲ್ಲಿ ನನ್ನ ಪಾಲಿಗೆ ಬಂದಿದೆ. ನನ್ನ ಹೆಂಡತಿಗೆ ಮಂಡಿನೋವು. ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರಳು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು ಅವಳು ಹೇಳುತ್ತಾಳೆ, ನಾನು ಮಾಡುತ್ತೇನೆ. ಅವಳ ಕೈಗೆ ಗೊತ್ತಿರುವುದನ್ನು ಅವಳ ಬಾಯಿಂದ ಹೊರಡಿಸುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ಕಾರ್ಖಾನೆಯಲ್ಲೂ ನನಗೆ ಸಿಕ್ಕಿರಲಿಲ್ಲ. ‘ಪಾಕ ಬಂತು, ಇಳಿಸಿ’ ಎನ್ನುತ್ತಾಳೆ. ಹೇಗೆ ಗೊತ್ತಾಯಿತು ಎಂದರೆ ‘ಕಾಣುವುದಿಲ್ಲವೇ?’ ಎನ್ನುತ್ತಾಳೆ. ಕಾಣಬೇಕಾದದ್ದು ಏನು ಎಂದು ಪೀಡಿಸಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಪುರವಣಿ ಪ್ರತಿ ವರ್ಷವೂ ಬಿಟ್ಟುಬಿಡುವುದು ಅದನ್ನೇ.

ಕಜ್ಜಾಯವನ್ನೇ ತೆಗೆದುಕೊಳ್ಳೋಣ. ಅಂಗಡಿಯ ಪ್ಯಾಕೆಟ್ಟಿನ ಅಕ್ಕಿ ಹಿಟ್ಟಿನಲ್ಲಿ ಅದು ಆಗುವುದಿಲ್ಲ. ಈ ಒಂದು ಮಾತು ಪುರವಣಿಯಲ್ಲಿ ಇದ್ದಿದ್ದರೆ ನಮ್ಮ ಮಹಡಿಯ ಎಣ್ಣೆ ಉಳಿಯುತ್ತಿತ್ತು. ಪ್ಯಾಕೆಟ್ಟಿನ ಹಿಟ್ಟು ಪೂರ್ತಿ ಒಣಗಿದ್ದು. ಕಜ್ಜಾಯಕ್ಕೆ ಬೇಕಾದದ್ದು ರಾತ್ರಿಯಿಡೀ ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಅರ್ಧ ಒಣಗಿಸಿದ ಅಕ್ಕಿಯ ಹಿಟ್ಟು. ಅಕ್ಕಿಯನ್ನು ಹಿಡಿಯಷ್ಟು ತೆಗೆದು ಬಿಗಿಯಾಗಿ ಅದುಮಿ ಕೈ ಬಿಚ್ಚಿದರೆ ಅಂಗೈಗೆ ಕೆಲವು ಕಾಳು ಅಂಟಿರಬೇಕು, ಆದರೆ ಕೈ ಒದ್ದೆಯಾಗಬಾರದು. ಆಗ ಪುಡಿ ಮಾಡಿ ಜರಡಿ ಹಿಡಿಯುವುದು. ಆ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿದರೆ ಮುದ್ದೆ ಕಟ್ಟುತ್ತದೆ, ಬೆರಳಿನಿಂದ ತಟ್ಟಿದರೆ ಉದುರುತ್ತದೆ. ಅದನ್ನು ಮುಚ್ಚಿಟ್ಟು ಆಮೇಲೆ ಪಾಕಕ್ಕೆ ಹೋಗಬೇಕು. ತೆರೆದಿಟ್ಟರೆ ಬೆಲ್ಲ ಕರಗುವುದರೊಳಗೆ ಹಿಟ್ಟು ಮತ್ತೆ ಒಣಗುತ್ತದೆ.

ಬೆಲ್ಲ ಮುಳುಗುವಷ್ಟು ನೀರು ಸಾಕು. ಕರಗಿದ ಮೇಲೆ ಒಮ್ಮೆ ಸೋಸಲೇಬೇಕು, ಕಬ್ಬಿನ ಸಿಪ್ಪೆ, ಮರಳು ಏನೇನೋ ಇರುತ್ತವೆ. ಮತ್ತೆ ಒಲೆಗಿಟ್ಟು ಕುದಿಸುವಾಗ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡಿರಬೇಕು. ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟರೆ ಮೊದಮೊದಲು ಅದು ಕರಗಿ ನೀರು ಕೆಂಪಾಗುತ್ತದೆ. ಇನ್ನಷ್ಟು ಕುದಿಸಿದರೆ ಕರಗದೆ ತಳದಲ್ಲಿ ಹರಡಿಕೊಳ್ಳುತ್ತದೆ. ಅನಂತರ ಒಂದು ಗಳಿಗೆ ಬರುತ್ತದೆ: ಬೆರಳಿನಿಂದ ಕೂಡಿಸಿದರೆ ಒಟ್ಟಾಗಿ ಮೆತ್ತನೆಯ ಉಂಡೆಯಾಗುತ್ತದೆ, ಎತ್ತಿ ಹಿಡಿದರೆ ಬೆರಳ ಮೇಲೆ ನಿಧಾನವಾಗಿ ಬಾಗುತ್ತದೆ. ಕಜ್ಜಾಯಕ್ಕೆ ಅದೇ ಪಾಕ. ತಟ್ಟೆಗೆ ಎಸೆದರೆ ಟಣ್ ಎಂದು ಸದ್ದು ಮಾಡುವ ಉಂಡೆಯಾದರೆ ಅದು ಚಿಕ್ಕಿಗೆ ಸರಿ, ಕಜ್ಜಾಯ ಮಾಡಿದರೆ ಹಲ್ಲಿನ ವೈದ್ಯರಿಗೆ ಲಾಭ. ಎಳಸಾದಾಗ ಇಳಿಸಿದರೆ ಮಹಡಿಯ ಮನೆಯಲ್ಲಿ ಆದಂತೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಮೂರೂ ಹಂತಗಳ ನಡುವೆ ಹೆಚ್ಚು ಸಮಯವಿರುವುದಿಲ್ಲ, ಆದ್ದರಿಂದ ಆ ಹೊತ್ತಿನಲ್ಲಿ ಫೋನ್ ತೆಗೆಯಬಾರದು. ಇದನ್ನೂ ವಿಧಾನದಲ್ಲೇ ಬರೆಯಿರಿ. ಹಿಟ್ಟು ಬೆರೆಸಿದ ಮೇಲೆ ತುಪ್ಪ ಸವರಿದ ಡಬ್ಬಿಯಲ್ಲಿ ಕಡೆಯ ಪಕ್ಷ ಒಂದು ರಾತ್ರಿ ಇಡಬೇಕು, ಎರಡು ದಿನವಾದರೆ ಇನ್ನೂ ಒಳ್ಳೆಯದು. ಕರಿಯುವುದು ಸಣ್ಣ ಉರಿಯಲ್ಲಿ. ತೆಗೆದ ಕೂಡಲೇ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಇಳಿಸಬೇಕು. ಅಂದರೆ ಹಬ್ಬದ ದಿನ ತಿನ್ನಬೇಕಾದರೆ ಕೆಲಸ ಮೂರ್ನಾಲ್ಕು ದಿನ ಮುಂಚೆಯೇ ಶುರುವಾಗಬೇಕು. ‘ಸವಿಯಲು ಸಿದ್ಧ’ ಎನ್ನುವವರು ಈ ಲೆಕ್ಕವನ್ನು ಎಲ್ಲಿ ಬಚ್ಚಿಟ್ಟರು?

ಅಡುಗೆಗೆ ಥರ್ಮಾಮೀಟರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ನನ್ನಲ್ಲೂ ಒಂದು ಇದೆ. ಅದನ್ನು ಕಂಡಾಗಲೆಲ್ಲ ನನ್ನ ಹೆಂಡತಿ ‘ಬೆಲ್ಲಕ್ಕೆ ಜ್ವರ ಬಂದಿದೆಯೇ?’ ಎನ್ನುತ್ತಾಳೆ. ಮೆತ್ತನೆಯ ಉಂಡೆಯ ಸಕ್ಕರೆ ಪಾಕಕ್ಕೆ ಹೊರದೇಶದ ಪುಸ್ತಕಗಳು ಕೊಡುವ ಲೆಕ್ಕ 112ರಿಂದ 116 ಡಿಗ್ರಿ ಸೆಲ್ಸಿಯಸ್. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿಯುತ್ತದೆ. ಪುಸ್ತಕ ನಂಬಿ 116ರವರೆಗೆ ಕಾದರೆ ನಮ್ಮ ಊರಿನಲ್ಲಿ ಪಾಕ ಗಟ್ಟಿಯಾಗಿರುತ್ತದೆ. ಥರ್ಮಾಮೀಟರ್ ಇರುವವರು ಮೊದಲು ಬರೀ ನೀರು ಕುದಿಸಿ ಅದರಲ್ಲಿ ಇಟ್ಟು ನೋಡಲಿ, 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೆಯೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆಯಲಿ. ಬೆಲ್ಲಕ್ಕಂತೂ ತಣ್ಣೀರಿನ ತಟ್ಟೆಯೇ ಹೆಚ್ಚು ನಂಬಿಕಸ್ಥ, ಏಕೆಂದರೆ ಒಂದು ಅಚ್ಚಿನ ಬೆಲ್ಲ ಇನ್ನೊಂದರ ಹಾಗೆ ಇರುವುದಿಲ್ಲ. ಈ ವಿಷಯದಲ್ಲಿ ಕುರ್ಚಿಯಲ್ಲಿ ಕುಳಿತವಳದೇ ಗೆಲುವು.

ಇನ್ನು ‘ಒಂದು ಕಪ್’ ಎಂಬ ಅಳತೆ. ಯಾವ ಕಪ್? ನಮ್ಮ ಮನೆಯಲ್ಲಿ ಕಾಫಿ ಕುಡಿಯುವ ಲೋಟವೇ ಮೂರು ಗಾತ್ರದಲ್ಲಿದೆ. ನಮ್ಮ ತಾಯಂದಿರು ಪಾವು, ಸೇರು ಎನ್ನುತ್ತಿದ್ದಾಗ ಕಡೆಯ ಪಕ್ಷ ನಾಲ್ಕು ಪಾವಿಗೆ ಒಂದು ಸೇರು ಎಂಬುದು ಊರಿಗೆಲ್ಲ ಗೊತ್ತಿತ್ತು. ಗ್ರಾಮಿನಲ್ಲಿ ಬರೆಯಿರಿ. ಹಿಟ್ಟನ್ನು ಸಡಿಲವಾಗಿ ಸುರಿದರೆ ಒಂದು ತೂಕ, ಅದುಮಿ ತುಂಬಿದರೆ ಇನ್ನೊಂದು ತೂಕ. ತಕ್ಕಡಿಯಾದರೆ ಈ ಜಗಳವಿಲ್ಲ.

ಯುಗಾದಿಯ ಪುರವಣಿಯ ಬಗ್ಗೆಯೂ ಹಳೆಯ ತಕರಾರು ಇದೆ. ಒಬ್ಬಟ್ಟಿಗೆ ಬೇಳೆಯನ್ನೂ ಬೆಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಎಂದು ಬರೆದಿದ್ದಿರಿ. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದು ನಿಂತುಹೋಗುತ್ತದೆ. ಅರ್ಧ ಬೆಂದದ್ದು ಅರ್ಧ ಬೆಂದಂತೆಯೇ ಉಳಿಯುತ್ತದೆ, ಆಮೇಲೆ ಎಷ್ಟು ಸಿಳ್ಳೆ ಹೊಡೆಸಿದರೂ ಅಷ್ಟೆ. ಬೇಳೆಯನ್ನು ಮೊದಲು ಬರೀ ನೀರಿನಲ್ಲಿ, ಬೆರಳಿನ ನಡುವೆ ಹಿಸುಕಿದರೆ ನುಣ್ಣಗಾಗುವಷ್ಟು, ಆದರೆ ಕಾಳು ಕಾಳಾಗಿಯೇ ಕಾಣುವಷ್ಟು ಬೇಯಿಸಿ, ಕಟ್ಟು ಬಸಿದು, ಆಮೇಲೆ ಬೆಲ್ಲ, ಕಾಯಿ ಹಾಕಿ ನೀರು ಹಿಂಗಿಸಬೇಕು. ಹೂರಣ ರುಬ್ಬುವಾಗ ನೀರು ಮುಟ್ಟಿಸಬಾರದು. ಕಣಕ ಕಲಸಿ ಎಣ್ಣೆಯಲ್ಲಿ ಮುಳುಗಿಸಿ ಎರಡು ಮೂರು ಗಂಟೆ ಬಿಟ್ಟರೆ ಅದರ ಹಟ ಇಳಿಯುತ್ತದೆ, ತಟ್ಟುವಾಗ ಹಿಂದಕ್ಕೆ ಎಳೆಯುವುದಿಲ್ಲ. ಕಣಕವೂ ಹೂರಣವೂ ಮುಟ್ಟಿದರೆ ಒಂದೇ ಮೆತುವಾಗಿರಬೇಕು. ಹೂರಣ ಗಟ್ಟಿಯಾದರೆ ಕಣಕ ಹರಿಯುತ್ತದೆ, ಸಡಿಲವಾದರೆ ಹೂರಣ ಒಂದು ಕಡೆ ಸರಿದು ಕುಳಿತುಕೊಳ್ಳುತ್ತದೆ. ಮಹಡಿಯ ಹುಬ್ಬಳ್ಳಿಯ ಹುಡುಗಿ ಕಡಲೆಬೇಳೆಯಲ್ಲಿ ಹೋಳಿಗೆ ಮಾಡುತ್ತಾಳೆ, ನಾವು ತೊಗರಿಬೇಳೆಯವರು. ಯುಗಾದಿಯ ದಿನ ಮೆಟ್ಟಿಲಿನಲ್ಲಿ ತಟ್ಟೆಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತವೆ. ಎರಡು ಮನೆಯವರೂ ಇನ್ನೊಂದು ಮನೆಯ ಹೋಳಿಗೆಯನ್ನು ಹೊಗಳಿ, ತಮ್ಮದೇ ಸರಿ ಎಂದುಕೊಂಡು ಮಲಗುತ್ತೇವೆ.

ಆದರೆ ಸಂಪಾದಕರೇ, ನನ್ನನ್ನು ಕೇಳಿದರೆ ಹಬ್ಬ ಬರುವುದು ಹಬ್ಬದ ಮರುದಿನ. ಬೇಳೆಯಿಂದ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ ಕದಡಿ, ಹುಣಸೆರಸ, ಸಾರಿನ ಪುಡಿ, ಹುರಿದು ರುಬ್ಬಿದ ಕಾಯಿ ಹಾಕಿ ಕುದಿಸಿದ ಒಬ್ಬಟ್ಟಿನ ಸಾರು ಆ ದಿನ ಪರವಾಗಿಲ್ಲ ಎನ್ನುವಂತಿರುತ್ತದೆ. ಮರುದಿನ ಇನ್ನೊಮ್ಮೆ ಕುದಿಸಿದಾಗ ಸಿಹಿ, ಹುಳಿ, ಖಾರ ಒಂದಕ್ಕೊಂದು ಒಗ್ಗಿಕೊಂಡಿರುತ್ತವೆ. ನೆಂಟರು ಹೋಗಿರುತ್ತಾರೆ, ಪಾತ್ರೆ ತೊಳೆದಾಗಿರುತ್ತದೆ, ಬಿಸಿ ಅನ್ನಕ್ಕೆ ಆ ಸಾರು, ಮೇಲೆ ತುಪ್ಪ, ನಂಜಿಕೊಳ್ಳಲು ಹಪ್ಪಳ. ಇಷ್ಟು ವರ್ಷಗಳ ಪುರವಣಿಗಳಲ್ಲಿ ಒಬ್ಬಟ್ಟಿನ ಸಾರಿಗೆ ಒಂದು ಕಾಲು ಪುಟ ಕೊಟ್ಟದ್ದನ್ನು ನಾನು ಕಂಡಿಲ್ಲ. ಫೋಟೊದಲ್ಲಿ ಅದು ಕಂದು ನೀರಿನಂತೆ ಕಾಣುತ್ತದೆ ಎಂಬುದು ನಿಜ, ಅದೇ ಕಾರಣವಿರಬೇಕು. ಚಳಿಗಾಲದ ಅವರೆಯ ಗತಿಯೂ ಇದೇ. ನಮ್ಮ ಊರಿನ ಅವರೆ ಮೇಳದ ಜನಜಂಗುಳಿಯ ಚಿತ್ರ ಪ್ರತಿ ವರ್ಷ ಹಾಕುತ್ತೀರಿ. ಮನೆಯಲ್ಲಿ ಸೊಗಡವರೆ ಸುಲಿದು, ರಾತ್ರಿ ನೆನೆಸಿ, ಬೆಳಿಗ್ಗೆ ಎಲ್ಲರೂ ಸುತ್ತ ಕುಳಿತು ಹಿದುಕಿ, ಆ ಬೇಳೆಯಲ್ಲಿ ಸಾರು ಮಾಡಿ ರಾಗಿಮುದ್ದೆಯ ಜೊತೆ ಉಣ್ಣುವುದರ ಬಗ್ಗೆ ಒಂದು ಸಾಲು ಇರುವುದಿಲ್ಲ. ಅಡುಗೆ ಗೊತ್ತೇ ಇಲ್ಲ ಎನ್ನುವ ಗಂಡಸರೂ ಟಿ.ವಿ. ನೋಡುತ್ತ ಒಂದು ಬೋಗುಣಿ ಅವರೆ ಹಿದುಕುತ್ತಾರೆ ಎಂಬುದನ್ನು ಗಮನಿಸಿ.

ಗಂಡಸರ ಮಾತು ಬಂತು, ಹೇಳಿಬಿಡುತ್ತೇನೆ. ನಿಮ್ಮ ಅಡುಗೆ ಪುಟ ‘ಗೃಹಿಣಿಯರೇ’ ಎಂದು ಶುರುವಾಗುತ್ತದೆ. ‘ಮನೆಯವರ ಮೆಚ್ಚುಗೆ ಗಳಿಸಿ’ ಎಂದು ಮುಗಿಯುತ್ತದೆ. ಅದೇ ಪುರವಣಿಯ ಇನ್ನೊಂದು ಪುಟದಲ್ಲಿ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಪುರುಸೊತ್ತಿಲ್ಲದೆ ಮನೆಯ ತಿಂಡಿಗಳು ಮರೆಯಾಗುತ್ತಿವೆ ಎಂದು ಒಬ್ಬರು ಮರುಗಿದ್ದಾರೆ. ಮನೆಯಲ್ಲಿ ಇನ್ನೊಂದು ಜೊತೆ ಕೈ ಇದೆ ಎಂಬುದು ಆ ಲೇಖನದ ಉದ್ದಕ್ಕೂ ಅವರಿಗೆ ಹೊಳೆಯಲೇ ಇಲ್ಲ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವುದಕ್ಕೆ ತೋಳಿನ ಬಲ ಬೇಕು, ಕೊಬ್ಬರಿ ಹೆಚ್ಚುವುದಕ್ಕೆ ತಾಳ್ಮೆ ಬೇಕು. ಇವೆರಡೂ ಗಂಡಸರಲ್ಲಿ ಇಲ್ಲವೆಂದು ಪತ್ರಿಕೆಯವರೇ ತೀರ್ಮಾನಿಸಿದರೆ ಹೇಗೆ? ಮದುವೆಮನೆಯ ಅಡುಗೆಗೆ, ಮಠದ ದಾಸೋಹಕ್ಕೆ ಕೊಪ್ಪರಿಗೆಯ ಮುಂದೆ ನಿಂತವರು ಯಾರು ಎಂಬುದನ್ನು ಒಮ್ಮೆ ನೋಡಿ ಬನ್ನಿ. ಕೂಲಿ ಬರುವ ಕಡೆ ಅಡುಗೆಭಟ್ಟ, ಕೂಲಿ ಬರದ ಕಡೆ ಗೃಹಿಣಿ. ಈ ಹಂಚಿಕೆಯನ್ನು ಪುರವಣಿ ಮುಂದುವರಿಸಬೇಕಾಗಿಲ್ಲ.

ಕೊಂಡು ತರುವವರನ್ನು ನಾನು ಹಳಿಯುತ್ತಿಲ್ಲ. ನಮ್ಮ ವಿದ್ಯಾರಣ್ಯಪುರದಲ್ಲೇ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಒಳ್ಳೆಯ ಕೋಡುಬಳೆ, ನಿಪ್ಪಟ್ಟು ಸಿಗುತ್ತವೆ, ನಾನೂ ತರುತ್ತೇನೆ. ಅದು ಕೂಡ ಯಾರದೋ ಮನೆಯ ಕೈಕೆಲಸವೇ. ಅಂಗಡಿಯವರಿಂದ ಕಲಿಯಬೇಕಾದದ್ದೂ ಇದೆ. ಬಿಡಿಯಾಗಿ ಮಾರುವ ಸಿಹಿತಿಂಡಿಗಳ ಮುಂದೆ ಅವು ಯಾವ ದಿನದವರೆಗೆ ತಿನ್ನಲು ಯೋಗ್ಯ ಎಂದು ಬರೆದಿಡಬೇಕೆಂದು ಆಹಾರ ಸುರಕ್ಷತೆ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ನಿಯಮ ತಂದಿದೆ. ನಿಮ್ಮ ಪುಟದ ತಿಂಡಿಗಳಿಗೂ ಆ ಒಂದು ಸಾಲು ಸೇರಿಸಿ. ಹಸಿ ಕಾಯಿತುರಿ ಹಾಕಿದ ಹೂರಣ ಏಪ್ರಿಲ್ ಸೆಕೆಗೆ ಬೇಗ ಹಳಸುತ್ತದೆ. ಕಜ್ಜಾಯ, ಚಕ್ಕುಲಿಗಳು ಗಾಳಿಯಾಡದ ಡಬ್ಬಿಯಲ್ಲಿ ವಾರ ಕಳೆದರೂ ಚೆನ್ನಾಗಿರುತ್ತವೆ. ಮನೆಯಲ್ಲಿ ಮಾಡಿದ್ದಕ್ಕೆ ಕೆಡುವುದೇ ಗೊತ್ತಿಲ್ಲ ಎಂಬ ಭಕ್ತಿಯಿಂದ ಹೊಟ್ಟೆ ಕೆಡಿಸಿಕೊಂಡವರು ಪ್ರತಿ ಹಬ್ಬದಲ್ಲೂ ಇರುತ್ತಾರೆ.

ಚಕ್ಕುಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಹುರಿದ ಉದ್ದು; ಬೆಣ್ಣೆ ಹೆಚ್ಚಾದರೆ ಎಣ್ಣೆಯಲ್ಲಿ ಒಡೆಯುತ್ತದೆ, ಕಡಿಮೆಯಾದರೆ ಕಲ್ಲಾಗುತ್ತದೆ. ಬೆಂದಿತೇ ಎಂದು ಬಣ್ಣ ನೋಡಿ ತಿಳಿಯುವುದಕ್ಕಿಂತ ನೊರೆ ನೋಡಿ ತಿಳಿಯುವುದು ಮೇಲು. ಹಿಟ್ಟಿನ ನೀರು ಆವಿಯಾಗಿ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆ ನೊರೆಯಾಡುತ್ತದೆ, ನೀರು ಮುಗಿದಾಗ ನೊರೆ ಇಳಿದು ಸದ್ದು ಅಡಗುತ್ತದೆ. ಕುರ್ಚಿಯವಳು ಕಣ್ಣು ಮುಚ್ಚಿಕೊಂಡು, ಸದ್ದು ಕೇಳಿಯೇ ‘ತೆಗೆಯಿರಿ’ ಎನ್ನುತ್ತಾಳೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸಂಕ್ರಾಂತಿಯ ಪುರವಣಿಯ ಕೆಲಸ ನಿಮ್ಮಲ್ಲಿ ಇಷ್ಟರಲ್ಲೇ ಶುರುವಾಗುತ್ತದೆ. ಸಕ್ಕರೆ ಅಚ್ಚಿನ ಬಗ್ಗೆ ಕಳೆದ ಸಲ ‘ಪಾಕವನ್ನು ಅಚ್ಚಿಗೆ ಸುರಿದು ತಣ್ಣಗಾದ ಮೇಲೆ ತೆಗೆಯಿರಿ’ ಎಂದಷ್ಟೇ ಬರೆದಿದ್ದಿರಿ. ಹಾಗೆ ಸುರಿದವರ ಅಚ್ಚಿನಲ್ಲಿ ಅಂಟು ಉಳಿಯುತ್ತದೆ, ಗಿಳಿ ಹೊರಗೆ ಬರುವುದಿಲ್ಲ.

ನಮ್ಮಲ್ಲಿರುವುದು ನನ್ನ ತಾಯಿಯ ಕಾಲದ ಮರದ ಅಚ್ಚುಗಳು: ಗಿಳಿ, ಆನೆ, ತುಳಸಿಕಟ್ಟೆ, ದೀಪದ ಕಂಬ. ಎರಡೆರಡು ಹೋಳು, ಕೆಲವಕ್ಕೆ ಮೂರು. ಒಂದು ಹೋಳಿನ ಗೂಟ ಇನ್ನೊಂದರ ಕುಳಿಗೆ ಕೂದಲೆಳೆಯಷ್ಟೂ ಅಲುಗದಂತೆ ಕೂರುತ್ತದೆ. ಮಿಲ್ಲಿಂಗ್ ಯಂತ್ರವನ್ನೇ ಕಂಡಿರದ ಬಡಗಿ ಅದನ್ನು ಉಳಿಯಿಂದ ಕೆತ್ತಿದ್ದಾನೆ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡುವುದರಲ್ಲೇ ಪ್ರತಿ ವರ್ಷ ಅರ್ಧ ಬೆಳಿಗ್ಗೆ ಕಳೆಯುತ್ತೇನೆ. ಈ ಅಚ್ಚುಗಳನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿಡಬೇಕು. ಒಣಮರ ಪಾಕವನ್ನು ಹೀರಿಕೊಂಡು ಹಿಡಿದುಕೊಳ್ಳುತ್ತದೆ, ನೆಂದ ಮರ ಬಿಟ್ಟುಕೊಡುತ್ತದೆ. ಸುರಿಯುವ ಮುಂಚೆ ನೀರು ಝಾಡಿಸಿ, ಹೋಳು ಕೂಡಿಸಿ, ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯಾಗಿ ಕಟ್ಟಿ, ಬಾಯಿ ಮೇಲಾಗಿ ನಿಲ್ಲಿಸಬೇಕು.

ಸಕ್ಕರೆಗೆ ನೀರು ಹಾಕಿ ಕರಗಿಸಿ, ಕುದಿ ಬಂದಾಗ ಒಂದೆರಡು ಚಮಚ ಹಾಲು ಬಿಟ್ಟರೆ ಹಾಲು ಒಡೆದು, ಸಕ್ಕರೆಯಲ್ಲಿನ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಆ ಕಪ್ಪು ನೊರೆಯನ್ನು ತೆಗೆದು ತೆಳುಬಟ್ಟೆಯಲ್ಲಿ ಸೋಸಬೇಕು. ಬಿಳಿಯಾಗಿ ಕಾಣುವ ಸಕ್ಕರೆಯೊಳಗೆ ಅಷ್ಟು ಕೊಳೆ ಇತ್ತೇ ಎಂದು ಮಹಡಿಯ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಒಟ್ಟು ಪಾಕವನ್ನು ಒಮ್ಮೆಗೇ ಒಲೆಗಿಡಬಾರದು. ಎರಡು ಮೂರು ಅಚ್ಚಿಗೆ ಆಗುವಷ್ಟನ್ನು ಮಾತ್ರ ಸಣ್ಣ ಬಾಣಲೆಗೆ ತೆಗೆದುಕೊಂಡು ಕುದಿಸಿ, ಗುಳ್ಳೆಗಳು ದಪ್ಪವಾಗಿ ನಿಧಾನವಾಗಿ ಏಳತೊಡಗಿದಾಗ ಇಳಿಸಿ, ಚಮಚದ ಹಿಂಭಾಗದಿಂದ ಬಾಣಲೆಯ ಅಂಚಿಗೆ ತಿಕ್ಕಬೇಕು. ಪುರವಣಿಯಲ್ಲಿ ಇಲ್ಲದೇ ಹೋದ ಗುಟ್ಟು ಇದೇ. ತಿಕ್ಕಿದ ಕಡೆ ಸಕ್ಕರೆ ಸಣ್ಣಸಣ್ಣ ಹರಳು ಕಟ್ಟಲು ಶುರುಮಾಡುತ್ತದೆ, ಗಾಜಿನಂತಿದ್ದ ಪಾಕ ಇದ್ದಕ್ಕಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ಕೂಡಲೇ ಸುರಿಯಬೇಕು. ಒಂದು ಕ್ಷಣ ಮೊದಲಾದರೆ ಅಂಟು, ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಗಟ್ಟಿ. ತಡವಾದರೆ ಗಾಬರಿ ಬೇಡ, ಸ್ವಲ್ಪ ನೀರು ಹಾಕಿ ಮತ್ತೆ ಕರಗಿಸಿದರಾಯಿತು. ಗುಲಾಬ್ ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವುದು ಸಕ್ಕರೆ ಹರಳುಗಟ್ಟದಿರಲಿ ಎಂದು. ಇಲ್ಲಿ ಹರಳುಗಟ್ಟುವುದೇ ಬೇಕಾದದ್ದು, ಆದ್ದರಿಂದ ನಾವು ನಿಂಬೆಯನ್ನು ಒಲೆಯ ಹತ್ತಿರ ತರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ದಾರ ಬಿಚ್ಚಿ, ಹೋಳಿನ ಬೆನ್ನಿಗೆ ಮೆಲ್ಲಗೆ ತಟ್ಟಿದರೆ ಗಿಳಿ ಕೊಕ್ಕು ಮುರಿಯದೆ ಹೊರಬರುತ್ತದೆ.

ಎಳ್ಳು ಬೆಲ್ಲಕ್ಕೆ ಇಷ್ಟು ಕಸರತ್ತಿಲ್ಲ, ಬೇಕಾದದ್ದು ಹರಿತವಾದ ಚಾಕು ಮತ್ತು ಬಿಸಿಲು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಅದನ್ನೂ ಬೆಲ್ಲವನ್ನೂ ಸಣ್ಣದಾಗಿ ಒಂದೇ ಗಾತ್ರಕ್ಕೆ ಹೆಚ್ಚಿ ಮೊದಲೇ ಒಣಗಿಸಿಡಬೇಕು. ಒದ್ದೆ ಬೆಲ್ಲ ಎಳ್ಳನ್ನೆಲ್ಲ ಮೈಗೆ ಹತ್ತಿಸಿಕೊಂಡು ಮುದ್ದೆಯಾಗುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ತಂದ ಹಸಿ ಕಾಯಿ ಇದಕ್ಕೆ ಬಾರದು, ಅದನ್ನು ಉಪ್ಪು ಹಾಕಿ ಬೇಯಿಸಿ ಅಂದೇ ತಿಂದು ಮುಗಿಸಿ. ಎಳ್ಳಿಗೆ ಒಣಗಿದ ಬೀಜವನ್ನೇ ಹುರಿದು, ಸಿಪ್ಪೆ ತೆಗೆದು, ಎರಡು ಹೋಳು ಮಾಡಬೇಕು. ಎಳ್ಳು ಬೀರಲು ಹೊರಟ ಮಕ್ಕಳ ತಟ್ಟೆಯಲ್ಲಿ ಈಗ ಪ್ಯಾಕೆಟ್ಟೇ ಹೆಚ್ಚು. ಅದಕ್ಕೆ ನನ್ನ ತಕರಾರಿಲ್ಲ, ಆದರೆ ಪ್ಯಾಕೆಟ್ಟಿನ ಮೇಲೊಂದು ಮನೆಯ ಗಿಳಿ ಕುಳಿತಿದ್ದರೆ ಆ ಮಕ್ಕಳ ನಡಿಗೆಯೇ ಬೇರೆ ಇರುತ್ತದೆ.

ಇನ್ನೊಂದು ಸೂಚನೆ. ಡಿಸೆಂಬರ್ ಬಂದಾಗ ಪುರವಣಿಯಲ್ಲಿ ಕ್ರಿಸ್‌ಮಸ್ ಎಂದರೆ ಬೇಕರಿಯ ಕೇಕು ಮಾತ್ರ ಇರುತ್ತದೆ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದ ಮಂಗಳೂರಿನ ಗೆಳೆಯರು ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಮನೆಯಲ್ಲಿ ಮಾಡಿದ ಹಬ್ಬದ ತಿಂಡಿಗಳ ಡಬ್ಬಿ ತರುತ್ತಿದ್ದರು. ಅದರಲ್ಲಿ ಫೋರ್ಕಿನ ಹಲ್ಲಿನ ಮೇಲೆ ಸುತ್ತಿ ಕರಿದ ಕಿಡಿಯೊ, ಕಬ್ಬಿಣದ ಅಚ್ಚಿನಲ್ಲಿ ಅದ್ದಿ ಕರಿದ ಗುಲಾಬಿ ಹೂವಿನ ತಿಂಡಿ ಇರುತ್ತಿದ್ದವು. ಆ ಅಚ್ಚನ್ನು ಮೊದಲು ಎಣ್ಣೆಯಲ್ಲೇ ಕಾಯಿಸಿ ಆಮೇಲೆ ಹಿಟ್ಟಿಗೆ ಅದ್ದಬೇಕು, ಅದೂ ಮುಕ್ಕಾಲು ಭಾಗ ಮಾತ್ರ. ಪೂರ್ತಿ ಮುಳುಗಿಸಿದರೆ ಹೂವು ಅಚ್ಚನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಆಯುಧಪೂಜೆಯ ದಿನ ಯಂತ್ರಗಳಿಗೆ ಹಾರ ಹಾಕಿ ಕಡಲೆಪುರಿ ಹಂಚುತ್ತಿದ್ದ ಅದೇ ಬೆಂಚಿನ ಮೇಲೆ ಡಿಸೆಂಬರಿನಲ್ಲಿ ಆ ಡಬ್ಬಿ ತೆರೆಯುತ್ತಿತ್ತು. ಈ ಊರಿನ ಮನೆಗಳಲ್ಲಿ ಏನೇನು ಮಾಡುತ್ತಾರೆ ಎಂಬುದು ನಿಮ್ಮ ಪುಟಕ್ಕೆ ಇನ್ನೂ ಅರ್ಧ ಮಾತ್ರ ಗೊತ್ತಾಗಿದೆ.

ನನ್ನ ಕೋರಿಕೆ ದೊಡ್ಡದಲ್ಲ. ತಿಂಡಿಗಳ ಸಂಖ್ಯೆ ಕಡಿಮೆ ಮಾಡಿ. ಹದಿನೈದರ ಜಾಗದಲ್ಲಿ ಮೂರು ಇರಲಿ. ಪ್ರತಿಯೊಂದಕ್ಕೂ ಗ್ರಾಮಿನ ಅಳತೆ, ಎಷ್ಟು ದಿನ ಮುಂಚೆ ಶುರು ಮಾಡಬೇಕು, ಪಾಕ ಅಥವಾ ಹಿಟ್ಟು ಸರಿಯಾದಾಗ ಕಣ್ಣಿಗೆ, ಬೆರಳಿಗೆ, ಕಿವಿಗೆ ಏನು ತಿಳಿಯುತ್ತದೆ, ಕೆಟ್ಟರೆ ಹೇಗೆ ಸುಧಾರಿಸಬೇಕು, ಎಷ್ಟು ದಿನ ಇಡಬಹುದು ಎಂಬುದನ್ನು ಬರೆಯಿರಿ. ಬರೆದದ್ದನ್ನು ಅಚ್ಚಿಗೆ ಕಳಿಸುವ ಮುಂಚೆ ನಿಮ್ಮ ಕಚೇರಿಯಲ್ಲಿ ಅಡುಗೆ ಬಾರದ ಒಬ್ಬರ ಕೈಯಲ್ಲಿ ಮಾಡಿಸಿ ನೋಡಿ, ಗಂಡಸಾದರೆ ಇನ್ನೂ ಒಳ್ಳೆಯದು. ‘ಗೃಹಿಣಿಯರೇ’ ಎಂಬ ಜಾಗದಲ್ಲಿ ‘ಓದುಗರೇ’ ಎಂದು ಹಾಕಿ.

ಫೋಟೊ ಹಾಕಲೇಬೇಕೆಂದಿದ್ದರೆ ಹಣತೆ ಬಿಟ್ಟು ಬಾಣಲೆಯ ಫೋಟೊ ಹಾಕಿ: ಎಳಸು ಪಾಕ, ಸರಿಯಾದ ಪಾಕ, ಮೀರಿದ ಪಾಕ, ಮೂರೂ ಅಕ್ಕಪಕ್ಕದಲ್ಲಿ. ಸಂಕ್ರಾಂತಿಗೆ ಮೊದಲು ನಿಮ್ಮ ಛಾಯಾಗ್ರಾಹಕರು ನಮ್ಮ ಮನೆಗೆ ಬರುವುದಾದರೆ ಎರಡನ್ನು ಬೇಕೆಂದೇ ಕೆಡಿಸಿ ತೋರಿಸುತ್ತೇನೆ. ಸಕ್ಕರೆಯ ಖರ್ಚು ನನ್ನದು. ಬೆಳಿಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ಅಡುಗೆಮನೆಯ ಕಿಟಕಿಗೆ ಬೆಳಕು ಬರುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ,
ವಿದ್ಯಾರಣ್ಯಪುರ, ಬೆಂಗಳೂರು